ಹುಣ್ಣಿಮೆಗೊಂದು ಕಟ್ಟು

(ಶಿವಮೊಗ್ಗದ ಓದುಗರ ಬಳಗವೊಂದರ ಸಂಜೆ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಅದರಲ್ಲೂ ಕಾಲೇಜು ಮಕ್ಕಳು ಜಾಸ್ತಿ ಇದ್ದೀರಿ, ನನಗೆ ಖುಷಿ. ಇವತ್ತಿನ ವಿಷಯವನ್ನು ನೀವು ದಿನಾ ಫೋನಿನಲ್ಲಿ ನೋಡುತ್ತಿರುತ್ತೀರಿ ಅಲ್ವಾ? ಕಪ್ಪು ಬಟ್ಟೆ, ಮೇಣದಬತ್ತಿ, ಭವಿಷ್ಯ ಹೇಳುವ ಟ್ಯಾರೋ ಕಾರ್ಡು, ಬಣ್ಣದ ಕಲ್ಲು, ಹುಣ್ಣಿಮೆ ಬೆಳಕಿಗೆ ಇಟ್ಟ ನೀರಿನ ಬಾಟಲಿ. ಟಿಕ್‌ಟಾಕ್‌ನಲ್ಲಿ ಇದಕ್ಕೆ ವಿಚ್‌ಟಾಕ್ ಎಂದೇ ಹೆಸರು, ವಿಚ್ ಅಂದರೆ ಮಾಟಗಾತಿ. ನಮ್ಮಲ್ಲಿ 2020ರಲ್ಲಿ ಟಿಕ್‌ಟಾಕ್ ನಿಂತುಹೋಯಿತು. ಆದರೆ ಅದೇ ಬಗೆಯ ವಿಡಿಯೋಗಳು ಈಗ ರೀಲ್ಸ್ ಆಗಿ ಬರುತ್ತಿವೆ.

ಅದಕ್ಕೆ ಮೊದಲು ಒಂದು ಬುಟ್ಟಿಯ ವಿಷಯ ಹೇಳಬೇಕು.

ಕಳೆದ ವರ್ಷ ನೆಂಟರ ಜೊತೆ ತೀರ್ಥಹಳ್ಳಿ ಕಡೆಯ ಒಂದು ಹೋಂಸ್ಟೇಗೆ ಹೋಗಿದ್ದೆ. ಊಟದ ಮೇಜಿನ ಮೇಲೆ ಒಂದು ದೀಪ ತೂಗುತ್ತಿತ್ತು. ಬಲ್ಬಿನ ಸುತ್ತ ಒಂದು ಬಿದಿರಿನ ಬುಟ್ಟಿ, ತಲೆಕೆಳಗಾಗಿ. ತಳಕ್ಕೆ ತೂತು ಕೊರೆದು ವೈರ್ ಇಳಿಸಿದ್ದರು. ಕೆಮ್ಮಣ್ಣಿನ ಮೇಲೆ ಬಿಳಿ ಎಳೆಗಳು ಕಾಣುತ್ತಿದ್ದವು. ಎದ್ದು ಹತ್ತಿರ ಹೋಗಿ ನೋಡಿದೆ. ಭೂಮಣ್ಣಿ ಬುಟ್ಟಿ! ಮಾರಲಿಕ್ಕೆಂದು ಹೊಸದಾಗಿ ಮಾಡಿದ್ದೂ ಅಲ್ಲ, ಯಾರದೋ ಮನೆಯಲ್ಲಿ ಬಳಸಿದ್ದು. ಬಾಯಿಯ ಅಂಚಿನಲ್ಲಿ ಕಡುಬಿನ ಹಿಟ್ಟು ಒಣಗಿ ಅಂಟಿಕೊಂಡಿತ್ತು. ನಾನು ಉಗುರಿನಿಂದ ಕೆರೆದು ನೋಡಿದೆ, ಹಿಟ್ಟೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸಾಗರ, ಸೊರಬ, ಹೊಸನಗರದ ಕಡೆ ಸೀಗೆ ಹುಣ್ಣಿಮೆಯ ದಿನ ನಾವು ಭೂಮಿ ಹುಣ್ಣಿಮೆ ಮಾಡುತ್ತೇವೆ. ಆಗ ಗದ್ದೆಯಲ್ಲಿ ಭತ್ತ ಹೊಡೆ ಕಟ್ಟಿರುತ್ತದೆ. ಭೂಮಿ ಬಸುರಿ ಎಂದು ಲೆಕ್ಕ. ಬಸುರಿಗೆ ಬಯಕೆ ಊಟ ಹಾಕುವ ಹಾಗೆ ಗದ್ದೆಗೆ ಊಟ ಹಾಕುವ ಹಬ್ಬ ಇದು. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಆ ಊಟ ಹೊರಲಿಕ್ಕೆ ಇರುವುದೇ ಈ ಬುಟ್ಟಿ. ದೊಡ್ಡದೊಂದು, ಚಿಕ್ಕದೊಂದು. ಮಹಾನವಮಿ ಹೊತ್ತಿಗೆ ಅಟ್ಟದಿಂದ ಇಳಿಸಿ, ಸಗಣಿ ಸಾರಿಸಿ, ಕೆಮ್ಮಣ್ಣು ಬಳಿಯುತ್ತಾರೆ. ಅದು ಒಣಗಿದ ಮೇಲೆ ಅಕ್ಕಿ ನೆನೆಸಿ ಅರೆದ ಹಿಟ್ಟಿನಿಂದ ಚಿತ್ತಾರ. ಕುಂಚ ಪುಂಡಿ ನಾರಿನದು.

ನಮ್ಮಮ್ಮ ಚಿತ್ತಾರ ಬರೆಯುವಾಗ ಅವರ ಪಕ್ಕ ಕೂತು ನಾನು ಕಲಿತಿದ್ದು. ಒಂದು ಎಳೆ ಶುರು ಮಾಡಿದರೆ ಬುಟ್ಟಿ ಒಂದು ಸುತ್ತು ಬರುವ ತನಕ ಅಮ್ಮ ಮಾತಾಡುತ್ತಿರಲಿಲ್ಲ. ಉಸಿರನ್ನೂ ಸಣ್ಣಗೆ ಬಿಡುತ್ತಿದ್ದರು. ಬುಟ್ಟಿಯನ್ನು ಎಡಗೈಯಲ್ಲಿ ತಿರುಗಿಸುತ್ತ, ಬಲಗೈ ಅಲ್ಲಾಡದಂತೆ ಮೊಣಕಾಲಿಗೆ ಒತ್ತಿಕೊಂಡು. ನೆಲ್ಲಿನ ಸಸಿ, ನಟ್ಟಿ ಮಾಡುವ ಹೆಂಗಸರು, ಏಣಿ, ಜೋಗಿ ಜಡೆ. ನನ್ನ ಎಳೆ ಸೊಟ್ಟಗಾದರೆ ಅಳಿಸಲಿಕ್ಕೆ ಬಿಡುತ್ತಿರಲಿಲ್ಲ. “ಇರ್ಲಿ ಬಿಡು, ನಿಂಗೆ ಅಷ್ಟೇ ಬರ್ತದೆ ಅಂತ ಆ ತಾಯಿಗೆ ಗೊತ್ತಾಗ್ಲಿ” ಎನ್ನುತ್ತಿದ್ದರು. ಬುಟ್ಟಿಯನ್ನು ಯಾರಿಗೆ ತೋರಿಸಲಿಕ್ಕೆ ಬರೆಯುತ್ತಿದ್ದೇವೆ ಎಂಬುದು ಆ ಒಂದು ಮಾತಿನಲ್ಲೇ ನನಗೆ ತಿಳಿದದ್ದು.

ಹೋಂಸ್ಟೇ ವಿಷಯಕ್ಕೆ ಬರುತ್ತೇನೆ. ಅವತ್ತು ಹುಣ್ಣಿಮೆ. ರಾತ್ರಿ ಅಂಗಳದಲ್ಲಿ ಒಂದು ಕಾರ್ಯಕ್ರಮ ಇತ್ತು, ಮೂನ್ ಸರ್ಕಲ್ ಅಂತೆ. ಬೆಂಗಳೂರಿನಿಂದ ಹತ್ತು ಹನ್ನೆರಡು ಹುಡುಗ ಹುಡುಗಿಯರು ಬಂದಿದ್ದರು. ನಡುವೆ ಕಲ್ಲುಗಳು, ಕಾರ್ಡುಗಳು, ಒಣಸೊಪ್ಪಿನ ಒಂದು ಕಟ್ಟು ಹೊಗೆಯಾಡುತ್ತಿತ್ತು. ಒಳ್ಳೆಯ ಮಕ್ಕಳು. ನನ್ನನ್ನೂ ಕರೆದು ಕೂರಿಸಿಕೊಂಡರು. ಒಬ್ಬಳು ವಿಚ್ ಎಂದು ಬರೆದ ಟೀ ಶರ್ಟ್ ಹಾಕಿದ್ದಳು. ಅವಳನ್ನು ಕೇಳಿದೆ: ಇದರಲ್ಲಿ ನಿನಗೆ ನಂಬಿಕೆ ಇದೆಯಾ ಮಗಾ? ಅವಳು ನಗುತ್ತಾ ಹೇಳಿದಳು: “ನಂಬಿಕೆ ಅಂತೇನಿಲ್ಲ ಆಂಟಿ, ಸುಮ್ನೆ. ವೈಬ್ ಚೆನ್ನಾಗಿರುತ್ತೆ.”

ಅವಳು ಸುಳ್ಳು ಹೇಳಲಿಲ್ಲ. ಅದಕ್ಕೇ ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆದರೆ ರಾತ್ರಿ ನಿದ್ದೆಯೂ ಬರಲಿಲ್ಲ. ಊಟಕ್ಕೆ ಕೂತಾಗ ಅವಳ ತಲೆಯ ಮೇಲೆ ಆ ಬುಟ್ಟಿ ತೂಗುತ್ತಿದ್ದದ್ದು ಕಣ್ಣ ಮುಂದೆಯೇ ಇತ್ತು. ಅವಳ ಕೈಯಲ್ಲಿ ಇನ್ಯಾರದೋ ನಂಬಿಕೆಯ ಸಾಮಾನು, ತಲೆಯ ಮೇಲೆ ನನ್ನ ನಂಬಿಕೆಯ ಸಾಮಾನು. ಎರಡೂ ಚೆಂದಕ್ಕೆ. ಹಾಗಾದರೆ ಆ ಇನ್ಯಾರದೋ ಎಂದೆನಲ್ಲ, ಅವರು ಯಾರು? ಅವರಿಗೂ ನನ್ನ ಹಾಗೆ ಸಂಕಟ ಆಗುತ್ತದಾ? ಅಲ್ಲಿಂದ ನಾನು ಓದಲಿಕ್ಕೆ ಶುರು ಮಾಡಿದೆ.

ಈಗಿನ ಕಾಲದ ವಿಚ್‌ಕ್ರಾಫ್ಟ್ ಎಂದು ಕರೆಯುವುದರಲ್ಲಿ ಹೆಚ್ಚು ಹೆಸರಾದದ್ದು ವಿಕ್ಕಾ. ಇದನ್ನು ಹೊರಜಗತ್ತಿಗೆ ತಂದವನು ಜೆರಾಲ್ಡ್ ಗಾರ್ಡ್ನರ್ ಎಂಬ ಇಂಗ್ಲಿಷಿನವನು. ಹುಟ್ಟಿದ್ದು 1884ರಲ್ಲಿ. ವಯಸ್ಸಿನಲ್ಲಿ ಸಿಲೋನಿನ ಚಹಾ ತೋಟದಲ್ಲಿ ಕೆಲಸ, ಆಮೇಲೆ ಬೋರ್ನಿಯೋ, ಮಲಯಾದ ರಬ್ಬರ್ ತೋಟ, ಕೊನೆಗೆ ಮಲಯಾದಲ್ಲೇ ಕಸ್ಟಮ್ಸ್ ನೌಕರಿ. ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿ ಇದ್ದರಲ್ಲ, ಅಂಥ ದೊರೆಗಳ ಪೈಕಿಯವನೇ. ಆದರೆ ಇವನಿಗೆ ಅಲ್ಲಿನ ಜನರ ಮಂತ್ರ, ಪೂಜೆ, ಅವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕ್ರಿಸ್ ಎಂಬ ಚೂರಿ, ಇವುಗಳ ಮೇಲೆ ತುಂಬಾ ಆಸಕ್ತಿ. 1936ರಲ್ಲಿ ನಿವೃತ್ತನಾದ. ಇಂಗ್ಲೆಂಡಿನಲ್ಲಿ 1735ರಿಂದ ವಿಚ್‌ಕ್ರಾಫ್ಟ್ ಮೇಲೆ ಒಂದು ಕಾನೂನು ಇತ್ತು, ಅದು ರದ್ದಾದದ್ದು 1951ರಲ್ಲಿ. 1954ರಲ್ಲಿ ಗಾರ್ಡ್ನರ್ ಪುಸ್ತಕ ಬರೆದು, ಈ ಧರ್ಮ ಇನ್ನೂ ಬದುಕಿದೆ, ನಾನೂ ಅದರಲ್ಲಿ ಒಬ್ಬ ಎಂದ.

ಕ್ರೈಸ್ತ ಧರ್ಮ ಬರುವ ಮುಂಚಿನಿಂದ ಗುಟ್ಟಾಗಿ ನಡೆದುಕೊಂಡು ಬಂದದ್ದು ಇದು ಎಂದು ಅವನು ಹೇಳಿದ್ದ. ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಬ್ರಿಸ್ಟಲ್ ವಿಶ್ವವಿದ್ಯಾಲಯದ ರೊನಾಲ್ಡ್ ಹಟನ್ ಇದನ್ನು ತುಂಬಾ ಕೆದಕಿ ನೋಡಿದವರು. ಇದು ಇಪ್ಪತ್ತನೇ ಶತಮಾನದಲ್ಲಿ ಕಟ್ಟಿದ ಧರ್ಮ ಎಂದು ಅವರು ತೋರಿಸಿದ್ದಾರೆ. ಕೆಲವರು ಇದನ್ನೇ ಹಿಡಿದುಕೊಂಡು, ಹಾಗಾದರೆ ಇದೆಲ್ಲ ಬರೀ ಬೊಗಳೆ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಂಬಿಕೆಗೆ ವಯಸ್ಸು ಕೇಳಬಾರದು. ನಮ್ಮೂರಿನಲ್ಲಿ ನಲವತ್ತು ವರ್ಷದ ಹಿಂದೆ ಕಲ್ಲು ನೆಟ್ಟ ಚೌಡಿಯೂ ಇದೆ. ಅದರ ಮುಂದೆ ಕೈಮುಗಿಯುವ ಹೆಂಗಸಿನ ಕಣ್ಣೀರು ಹೊಸದು ಹಳೆಯದು ನೋಡಿ ಬರುತ್ತದಾ?

ವಿಕ್ಕಾದಲ್ಲಿ ಇರುವುದು ಏನು? ಒಬ್ಬ ದೇವಿ, ಒಬ್ಬ ಕೊಂಬಿನ ದೇವರು. ಸೈತಾನನ ಪೂಜೆ ಖಂಡಿತಾ ಅಲ್ಲ. ವರ್ಷಕ್ಕೆ ಎಂಟು ಹಬ್ಬ, ಎಲ್ಲವೂ ಬಿಸಿಲು, ಚಳಿ, ಬಿತ್ತನೆ, ಕೊಯ್ಲಿನ ಲೆಕ್ಕದಲ್ಲಿ. ಹುಣ್ಣಿಮೆಗೆ ಕೂಟ. ಗಾರ್ಡ್ನರ್ ಗುಂಪಿನಲ್ಲಿ ದೀಕ್ಷೆ ಪಡೆದ ಡೋರೀನ್ ವ್ಯಾಲಿಯೆಂಟೆ ಎಂಬ ಹೆಂಗಸು ಅವರ ಮಂತ್ರಗಳನ್ನು ತಿದ್ದಿ, ಹೊಸದಾಗಿ ಬರೆದು, ಬಾಯಲ್ಲಿ ನಿಲ್ಲುವ ಹಾಗೆ ಮಾಡಿದಳು. ಅವರ ಹಳೇ ಪದ್ಧತಿಯಲ್ಲಿ ದೀಕ್ಷೆ ಬೇಕು ಎಂದವರು ಒಂದು ವರ್ಷ ಒಂದು ದಿನ ಕಾಯಬೇಕು. ಗುಟ್ಟು ಕಾಯುವ ಆಣೆ ಮಾಡಬೇಕು. ಗುರುವಿನ ಹತ್ತಿರ ಇರುವ ಪೂಜೆಯ ಪುಸ್ತಕವನ್ನು ತನ್ನ ಕೈಯಾರೆ ನಕಲು ಮಾಡಿಕೊಳ್ಳಬೇಕು. ಯಾರಿಗೂ ಕೇಡು ಮಾಡಬಾರದು.

ಇದನ್ನು ಓದುವಾಗ ನನಗೆ ಥಟ್ಟನೆ ಹೊಳೆದದ್ದು ನಮ್ಮ ಒಂದು ಮಾತು. ಕಟ್ಟು. ಮೀರಬಾರದ ನಿಯಮ ಎಂದು ಅರ್ಥ, ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. “ಆ ಬನಕ್ಕೆ ಕಟ್ಟಿದೆ ಕಣೇ, ಚಪ್ಪಲಿ ಬಿಟ್ಟು ಹೋಗು.” “ಚೌಡಿ ಬನದ ಕಟ್ಟಿಗೆ ತರಬಾರದು, ಕಟ್ಟಿದೆ.” ಬಿದ್ದ ಒಣಕೊಂಬೆಯನ್ನೂ ಮುಟ್ಟುವಂತಿಲ್ಲ. ಸೊರಬ, ಸಾಗರದ ಕಾನುಗಳಲ್ಲಿ ಎರಡಾಳು ತಬ್ಬುವ ಮರಗಳು ಉಳಿದಿರುವುದಕ್ಕೆ ಈ ಭಯವೂ ಒಂದು ಕಾರಣ.

ಎಲ್ಲ ಕಟ್ಟೂ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಮುಟ್ಟಾದವರು ಬನದ ದಾರಿಯಲ್ಲಿ ನಡೆಯಬಾರದು ಎಂಬ ಕಟ್ಟನ್ನು ನಾನು ಹದಿನೆಂಟರಲ್ಲಿ ಮುರಿದೆ. ಬೇಕೆಂದೇ ಮುರಿದೆ. ಅಮ್ಮ ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೇ ರಾತ್ರಿ ನಾನೇ ಹೋಗಿ ಅವರ ಪಕ್ಕ ಮಲಗಿದೆ. ಅವರು ಅಳುತ್ತಿದ್ದರು, ನಾನೂ ಅತ್ತೆ. ಆದರೆ ಆ ದಾರಿಯಲ್ಲಿ ನಡೆಯುವುದನ್ನು ನಾನು ಬಿಡಲಿಲ್ಲ, ಆಮೇಲೆ ಅವರು ತಡೆಯಲೂ ಇಲ್ಲ. ಬನ ನಮ್ಮದು ಎಂದು ಇಬ್ಬರಿಗೂ ಇದ್ದದ್ದಕ್ಕೆ ಆ ಜಗಳ. ಪ್ರವಾಸಕ್ಕೆ ಬಂದವರು ಆ ಬನದಲ್ಲಿ ಚಪ್ಪಲಿ ಹಾಕಿಕೊಂಡು ಫೋಟೋ ತೆಗೆಸಿಕೊಂಡರೆ ಅಮ್ಮ ಅಳುತ್ತಿರಲಿಲ್ಲ. ಅವರು ಏನನ್ನೂ ಮುರಿದ ಹಾಗೆ ಆಗುವುದಿಲ್ಲವಲ್ಲ.

ನಂಬಿಕೆಗೂ ನೋಟಕ್ಕೂ ನಡುವೆ ನಾನು ಕಾಣುವ ವ್ಯತ್ಯಾಸ ಇಷ್ಟೇ. ನಂಬಿಕೆ ನಿಮ್ಮಿಂದ ಏನನ್ನೋ ಕೇಳುತ್ತದೆ. ನಿದ್ದೆ, ಹಸಿವು, ಕಾಯುವ ತಾಳ್ಮೆ, ಮಾತು ಕೊಟ್ಟಂತೆ ನಡೆಯುವುದು. ಟೀ ಶರ್ಟ್ ಏನು ಕೇಳುತ್ತದೆ? ದುಡ್ಡು ಮಾತ್ರ.

ಅಮೆರಿಕದ ಒಂದು ಕೇಸು ನನಗೆ ತುಂಬಾ ದಿನ ಕಾಡಿತು. ವರ್ಜೀನಿಯಾ ರಾಜ್ಯದ ಜೈಲಿನಲ್ಲಿದ್ದ ಒಬ್ಬ ಕೈದಿ, ನಾನು ವಿಕ್ಕಾ ಅನುಸರಿಸುವವನು, ಪೂಜೆಗೆ ನನಗೆ ಮೇಣದಬತ್ತಿ, ಧೂಪ, ಬಿಳಿ ನಿಲುವಂಗಿ ಬೇಕು ಎಂದು ಕೇಳಿದ. ಜೈಲಿನವರು ಕೊಡಲಿಲ್ಲ. ಕೇಸು ಮೇಲಿನ ಕೋರ್ಟಿಗೆ ಹೋಗಿ 1986ರಲ್ಲಿ ತೀರ್ಪು ಬಂತು. ವಿಕ್ಕಾ ಒಂದು ಧರ್ಮ ಹೌದು, ಬೇರೆ ಧರ್ಮಗಳಿಗಿರುವ ರಕ್ಷಣೆ ಇದಕ್ಕೂ ಇದೆ ಎಂದಿತು ಕೋರ್ಟು. ಆದರೆ ಜೈಲಿನ ಭದ್ರತೆ ನೋಡಿದರೆ ಆ ಸಾಮಾನು ಕೊಡದೆ ಇದ್ದದ್ದು ತಪ್ಪಲ್ಲ ಎಂದೂ ಹೇಳಿತು. ಸಾಮಾನು ಒಂದೂ ಕೈಗೆ ಬಾರದೆ ಅವನ ನಂಬಿಕೆ ಧರ್ಮವಾಗಿ ನಿಂತಿತು. ಆಮೇಲೆ ಅಫ್ಘಾನಿಸ್ತಾನದಲ್ಲಿ ಸತ್ತ ಒಬ್ಬ ಸೈನಿಕನ ಹೆಂಡತಿ, ಗಂಡನ ಸ್ಮಾರಕ ಫಲಕದ ಮೇಲೆ ಅವನ ಧರ್ಮದ ಗುರುತು, ಅಂದರೆ ವೃತ್ತದೊಳಗಿನ ಐದು ಮೂಲೆ ನಕ್ಷತ್ರ ಇರಲಿ ಎಂದು ಸರ್ಕಾರದ ಜೊತೆ ಹೋರಾಡಿದಳು. ಅದು ಒಪ್ಪಿಗೆಯಾದದ್ದು 2007ರಲ್ಲಿ. ಅದೇ ನಕ್ಷತ್ರ ಈಗ ಕಿವಿಯೋಲೆಯಾಗಿ ಸಿಗುತ್ತದೆ, ಜೊತೆಗೆ ಉಂಗುರವೂ ಇರುತ್ತದೆ.

2018ರಲ್ಲಿ ಅಲ್ಲಿನ ಸೆಫೋರಾ ಎಂಬ ದೊಡ್ಡ ಸೌಂದರ್ಯ ಸಾಮಗ್ರಿ ಮಳಿಗೆಯಲ್ಲಿ ಒಂದು ಪೆಟ್ಟಿಗೆ ಮಾರಾಟಕ್ಕೆ ಬರಲಿದೆ ಎಂದು ಸುದ್ದಿಯಾಯಿತು. ಪಿನ್‌ರೋಸ್ ಎಂಬ ಕಂಪನಿಯದು. ಹೊಸದಾಗಿ ವಿಚ್ ಆಗುವವರಿಗೆ ಎಂದು ಹೆಸರು. ಒಳಗೆ ಸೆಂಟು, ಟ್ಯಾರೋ ಕಾರ್ಡು, ಗುಲಾಬಿ ಬಣ್ಣದ ಕಲ್ಲು, ಬಿಳಿ ಸೇಜ್ ಸೊಪ್ಪಿನ ಕಟ್ಟು. ಬೆಲೆ 42 ಡಾಲರ್. ಗಲಾಟೆ ಆಯಿತು, ಕಂಪನಿ ಕ್ಷಮೆ ಕೇಳಿ ಹಿಂದಕ್ಕೆ ತೆಗೆದುಕೊಂಡಿತು. ಗಲಾಟೆ ಮಾಡಿದವರಲ್ಲಿ ವಿಕ್ಕಾದವರು ಇದ್ದರು, ಅಮೆರಿಕದ ಮೂಲನಿವಾಸಿಗಳೂ ಇದ್ದರು. ಮೂಲನಿವಾಸಿಗಳು ಯಾಕೆ ಎಂದರೆ ಆ ಬಿಳಿ ಸೇಜ್ ಅವರದ್ದು.

ಈ ಗಿಡ ದಕ್ಷಿಣ ಕ್ಯಾಲಿಫೋರ್ನಿಯಾ, ಅದರ ಕೆಳಗಿನ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ, ಈ ಕಡೆಯ ಒಣಗುಡ್ಡಗಳಲ್ಲಿ ಮಾತ್ರ ತಾನಾಗಿ ಬೆಳೆಯುತ್ತದೆ. ಅಲ್ಲಿನ ಬುಡಕಟ್ಟುಗಳಿಗೆ ಅದು ಔಷಧಿ, ಪೂಜೆಯ ಸೊಪ್ಪು, ನೆಂಟನ ಹಾಗೆ. ಆ ಜನರ ಪೂಜೆಗಳಿಗೆ ಎಷ್ಟೋ ಕಾಲ ಸರ್ಕಾರದಿಂದಲೇ ತಡೆ ಇತ್ತು. ಅವರ ಧರ್ಮಾಚರಣೆಯನ್ನು ಕಾಪಾಡುತ್ತೇವೆ ಎಂದು ಒಂದು ಕಾಯ್ದೆ ಬಂದದ್ದೇ 1978ರಲ್ಲಿ. ಈಗ ಆ ಗುಡ್ಡಗಳಿಂದ ಸೇಜ್ ಸೊಪ್ಪನ್ನು ಕದ್ದು ಚೀಲಗಟ್ಟಲೆ ಸಾಗಿಸುತ್ತಾರೆ. ಹೋಂಸ್ಟೇಯ ಅಂಗಳದಲ್ಲಿ ಹೊಗೆಯಾಡುತ್ತಿದ್ದದ್ದು ಅದೇ ಸೊಪ್ಪು. ಆನ್‌ಲೈನ್‌ನಲ್ಲಿ ತರಿಸಿದ್ದಂತೆ. ಆ ಮಕ್ಕಳಿಗೆ ಅದು ಯಾವ ಗುಡ್ಡದ್ದು ಎಂದು ಗೊತ್ತಿರಲಿಲ್ಲ. ಯಾರೂ ಅವರಿಗೆ ಹೇಳಿರಲಿಲ್ಲ.

ನಮ್ಮ ಧೂಪದ ಮರಕ್ಕೆ ಆಗುತ್ತಿರುವುದೂ ಇದೇ. ನಮ್ಮೂರ ಹಳಬರು ಧೂಪಕ್ಕೆ ಒಂದು ಮರಕ್ಕೆ ಗಾಯ ಮಾಡಿದರೆ ಅದನ್ನು ಮಾಯಲಿಕ್ಕೆ ಬಿಡುತ್ತಿದ್ದರು. ಈಗ ಬುಡಕ್ಕೆ ಬೆಂಕಿ ಹಾಕಿ, ಸುತ್ತಲೂ ಕಚ್ಚು ಹೊಡೆದು, ಒಂದೇ ಸಲಕ್ಕೆ ಎಷ್ಟು ಸಿಗುತ್ತದೋ ಅಷ್ಟು ತೆಗೆಯುವವರು ಬಂದಿದ್ದಾರೆ. ಮರ ನಿಂತಲ್ಲೇ ಒಣಗುತ್ತದೆ.

ಈಗ ನಾನು ಹೇಳಬೇಕಾದ ಕಷ್ಟದ ಮಾತು. ವಿಚ್ ಎನ್ನುವ ಪದದ್ದು.

ನನಗೆ ಒಂಬತ್ತೋ ಹತ್ತೋ ವರ್ಷ. ನಮ್ಮೂರಿನ ಕೆರೆಕೋಡಿ ಹತ್ತಿರ ಒಬ್ಬ ಅಜ್ಜಿ ಇದ್ದರು. ಗಂಡ ಇಲ್ಲ, ಮಕ್ಕಳಿಲ್ಲ. ಮನೆ ಹಿಂದೆ ಒಂದು ಚಕ್ಕೋತದ ಮರ. ಆ ಅಜ್ಜಿ ಮದ್ದು ಹಾಕುತ್ತಾರೆ ಎಂದು ಊರಲ್ಲಿ ಮಾತು. ಮಲೆನಾಡಿನವರಿಗೆ ಇದೂ ಗೊತ್ತು. ಊಟದಲ್ಲೋ ಮಜ್ಜಿಗೆಯಲ್ಲೋ ಏನನ್ನೋ ಬೆರೆಸಿ ಕೊಡುತ್ತಾರಂತೆ, ತಿಂದವರು ಸೊರಗುತ್ತಾ ಹೋಗುತ್ತಾರಂತೆ. ಯಾರೂ ಅವರ ಮನೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಮದುವೆ ಮನೆಯಲ್ಲಿ ಅವರನ್ನು ಬಡಿಸಲಿಕ್ಕೆ ಬಿಡುತ್ತಿರಲಿಲ್ಲ. ಹೆಚ್ಚಾಗಿ ಅವರನ್ನು ಕರೆಯುತ್ತಲೇ ಇರಲಿಲ್ಲ.

ಒಂದು ದಿನ ಶಾಲೆಯಿಂದ ಬರುವಾಗ ಅಜ್ಜಿ ಬೇಲಿ ಹತ್ತಿರ ನಿಂತಿದ್ದರು. “ಬಾ ಮಗಾ” ಎಂದು ಕರೆದು, ಚಕ್ಕೋತ ಸುಲಿದು, ಎಸಳಿನ ಮೇಲಿನ ಸಿಪ್ಪೆಯನ್ನೂ ಬಿಡಿಸಿ ನನ್ನ ಅಂಗೈಗೆ ಹಾಕಿದರು. ಕೆಂಪು ಎಸಳು. ನಾನು ಮೂರು ತಿಂದೆ. ಅವರು ತಿನ್ನುವುದನ್ನೇ ನೋಡುತ್ತಾ ನಿಂತಿದ್ದರು. ಅವರ ಮನೆಯದ್ದನ್ನು ಯಾರಾದರೂ ತಿಂದು ಎಷ್ಟು ವರ್ಷ ಆಗಿತ್ತೋ.

ನಾನು ಮನೆಗೆ ಬಂದು ಹೇಳಿದೆ. ಅವತ್ತು ಸಂಜೆಯೇ ಅಪ್ಪ ನನ್ನನ್ನು ಮದ್ದು ತೆಗೆಯುವವರ ಹತ್ತಿರ ಕರೆದುಕೊಂಡು ಹೋದರು. ಕಹಿಯಾದ ಏನನ್ನೋ ಕುಡಿಸಿದರು. ಹೊಟ್ಟೆ ಕಿವುಚಿ ವಾಂತಿ ಆಯಿತು. ಆ ಮನುಷ್ಯ ಕಡ್ಡಿಯಲ್ಲಿ ಕೆದಕಿ, ಇಲ್ಲಿ ನೋಡಿ, ಮದ್ದು ಎಂದು ತೋರಿಸಿದ. ನಾನೂ ಬಗ್ಗಿ ನೋಡಿದೆ. ಚಕ್ಕೋತದ ಕೆಂಪು ಎಸಳು, ಅರೆಬರೆ ಜಗಿದದ್ದು. ಅದಕ್ಕೆ ಅಂಟಿದ ಬಿಳಿ ನಾರು. ಬೇರೆ ಏನೂ ಇರಲಿಲ್ಲ. ನನಗೆ ಅದು ಗೊತ್ತಾಯಿತು, ಆದರೆ ನಾನು ಬಾಯಿ ಬಿಡಲಿಲ್ಲ.

ಊರಲ್ಲಿ ಸುದ್ದಿ ಇನ್ನೂ ಬಲವಾಯಿತು, ನನ್ನಿಂದ. ಅಜ್ಜಿ ಆಮೇಲೆ ನಾಲ್ಕೈದು ವರ್ಷ ಬದುಕಿದ್ದರು. ಬೇಲಿ ಹತ್ತಿರ ನಿಂತು ಮಕ್ಕಳನ್ನು ಕರೆದದ್ದನ್ನು ನಾನು ಮತ್ತೆ ನೋಡಲಿಲ್ಲ. ಹಣ್ಣು ಮರದ ಕೆಳಗೆ ಬಿದ್ದು ಕೊಳೆಯುತ್ತಿತ್ತು.

ಇದನ್ನು ನಾನು ಇಷ್ಟು ವರ್ಷ ಯಾವ ಸಭೆಯಲ್ಲೂ ಹೇಳಿರಲಿಲ್ಲ.

ಅದಕ್ಕೇ ವಿಚ್ ಎಂದು ಎದೆ ಮೇಲೆ ಬರೆದುಕೊಂಡ ಆ ಹುಡುಗಿಯನ್ನು ನೋಡಿದಾಗ ನನಗೆ ನಗಲಿಕ್ಕೆ ಆಗಲಿಲ್ಲ. ವಿಕ್ಕಾದವರು ಆ ಹೆಸರನ್ನು ತಾವಾಗಿ ಹೊತ್ತುಕೊಂಡವರು, ಬೈಗುಳವನ್ನೇ ಗೌರವದ ಮಾತಾಗಿ ತಿರುಗಿಸುತ್ತೇವೆ ಎಂದು ಹೊರಟವರು. ಅವರಲ್ಲಿ ಎಷ್ಟೋ ಜನ ಅದಕ್ಕಾಗಿ ಕೆಲಸ, ಮನೆ ಬಿಟ್ಟದ್ದೂ ಇದೆ. ಅದು ಬೇರೆ. ಕೆರೆಕೋಡಿ ಅಜ್ಜಿಗೆ ಆ ಹೆಸರನ್ನು ಊರು ಹೊರಿಸಿತು. ಟೀ ಶರ್ಟಿನದ್ದು ಮೂರನೆಯದು, ಅದನ್ನು ರಾತ್ರಿ ಬಿಚ್ಚಿ ಮಡಚಿ ಇಡಬಹುದು.

ಅಮೆರಿಕದ ಸೇಲಂ ಊರಿನಲ್ಲಿ 1692ರಲ್ಲಿ 19 ಜನರನ್ನು ವಿಚ್ ಎಂದು ನೇಣಿಗೆ ಹಾಕಿದರು. ಇನ್ನೊಬ್ಬ ಮುದುಕನ ಎದೆ ಮೇಲೆ ಕಲ್ಲು ಹೇರಿ ಕೊಂದರು. ಆ ಯಾರೂ ವಿಚ್ ಆಗಿರಲಿಲ್ಲ. ತಪ್ಪು ಒಪ್ಪಿಕೊಂಡವರ ಜೀವ ಉಳಿಯಿತು, ನಾವು ಅಲ್ಲ ಎಂದು ಹಟ ಹಿಡಿದವರು ಸತ್ತರು. ಅದೇ ಊರಿನ ಪೊಲೀಸರ ತೋಳಿನ ಬಿಲ್ಲೆಯಲ್ಲಿ ಈಗ ಪೊರಕೆ ಮೇಲೆ ಹಾರುವ ವಿಚ್ ಚಿತ್ರ ಇದೆ. ಅಕ್ಟೋಬರ್ ಬಂದರೆ ಊರು ತುಂಬಾ ಚೂಪು ಟೋಪಿಯ ಪ್ರವಾಸಿಗಳು. ಆದರೆ ಇನ್ನೊಂದೂ ನಡೆಯಿತು. ಆಗ ಶಿಕ್ಷೆಯಾಗಿ ಹೇಗೋ ಜೀವ ಉಳಿಸಿಕೊಂಡ ಎಲಿಜಬೆತ್ ಜಾನ್ಸನ್ ಎಂಬವಳ ಹೆಸರು ಮಾತ್ರ ನಿರಪರಾಧಿಗಳ ಪಟ್ಟಿಗೆ ಸೇರದೆ ಉಳಿದುಹೋಗಿತ್ತು. ಅಲ್ಲಿನ ಒಂದು ಶಾಲೆಯ 8ನೇ ತರಗತಿ ಮಕ್ಕಳು ಹಳೇ ಕಡತ ಓದಿ, ಶಾಸಕರಿಗೆ ಪತ್ರ ಬರೆದು, 2022ರಲ್ಲಿ ಅವಳ ಹೆಸರು ತೊಳೆಸಿದರು. ಅದನ್ನು ಓದಿದ ದಿನ ನಾನು ಕೆರೆಕೋಡಿ ಅಜ್ಜಿಯನ್ನು ನೆನೆದು ತುಂಬಾ ಹೊತ್ತು ಕೂತಿದ್ದೆ.

ನಮ್ಮ ದೇಶದಲ್ಲಿ ಇದು ಹಳೇ ಕಥೆಯೂ ಅಲ್ಲ. ಜಾರ್ಖಂಡಿನ ಚುಟ್ನಿ ದೇವಿಯವರನ್ನು ಡಾಯನ್, ಅಂದರೆ ಮಾಟಗಾತಿ ಎಂದು ಹೊಡೆದು ಊರು ಬಿಡಿಸಿದ್ದರು. ಅವರು ತಮ್ಮಂಥ ಹೆಂಗಸರ ಪರವಾಗಿ ಜೀವನವಿಡೀ ಹೋರಾಡಿದರು, 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಅಸ್ಸಾಮಿನ ಬಿರುಬಾಲಾ ರಾಭಾ ಅವರಿಗೂ ಬಂತು, ಅವರದ್ದೂ ಅದೇ ಹೋರಾಟ. ಕರ್ನಾಟಕದಲ್ಲಿ ಅಮಾನವೀಯ ಪದ್ಧತಿ ಮತ್ತು ಮಾಟಮಂತ್ರ ತಡೆಯುವ ಕಾಯ್ದೆ 2017ರಲ್ಲಿ ಆಗಿ, 2020ರ ಜನವರಿಯಲ್ಲಿ ಜಾರಿಗೆ ಬಂತು.

ನಂಬಿಕೆಯಿಂದ ಕೇಡೂ ಆಗುತ್ತದೆ ಎಂಬುದನ್ನು ಶಿವಮೊಗ್ಗ ಜಿಲ್ಲೆಯವರಾದ ನಾವು ಮರೆಯಬಾರದು. ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ನಡೆಯುತ್ತಿತ್ತು. 1986ರಲ್ಲಿ ಅದನ್ನು ತಡೆಯಲಿಕ್ಕೆ ಹೋದ ದಲಿತ ಸಂಘಟನೆಯ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಹಲ್ಲೆ ಆಯಿತು. ಆಮೇಲೆ ಸರ್ಕಾರ ನಿಷೇಧ ಹಾಕಿತು. ಆ ವರ್ಷ ಅಷ್ಟು ದೊಡ್ಡ ಜಗಳ ಆದದ್ದು ಯಾಕೆ? ಅಲ್ಲಿ ಇದ್ದದ್ದು ನಿಜವಾದ ನಂಬಿಕೆ, ನಿಜವಾದ ಶೋಷಣೆ. ಎರಡನ್ನೂ ಎದುರಿಸಲೇಬೇಕಿತ್ತು. ನಂಬಿಕೆ ಎಂದು ಒಪ್ಪಿಕೊಂಡರೆ ಅದನ್ನು ಪ್ರಶ್ನೆ ಮಾಡಬಹುದು, ತಿದ್ದಬಹುದು, ಬೇಕಾದರೆ ನಿಲ್ಲಿಸಬಹುದು. ವೈಬ್ ಎಂದುಬಿಟ್ಟರೆ ಯಾರು ಯಾರನ್ನು ಕೇಳುವುದು?

ನನ್ನ ಮಾತು ಇಷ್ಟು. ಆಮೇಲೆ ಕೇಳಿದ ಎರಡು ಪ್ರಶ್ನೆಗಳು.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ಕೇಳಿದ: “ಮೇಡಂ, ಚಿತ್ತಾರ ಬರೆದು ಮಾರುವ ಹೆಂಗಸರು ನಮ್ಮೂರಲ್ಲೇ ಇದ್ದಾರೆ. ನಮ್ಮ ಚಿಕ್ಕಮ್ಮನೂ ಬರೀತಾರೆ. ಅದೂ ತಪ್ಪಾ?”

ಖಂಡಿತಾ ತಪ್ಪಲ್ಲ ಎಂದೆ. ನಿಮ್ಮ ಚಿಕ್ಕಮ್ಮ ಬಟ್ಟೆ ಮೇಲೆ, ಕಾಗದದ ಮೇಲೆ ಬರೆದು ಮಾರಲಿ, ಒಳ್ಳೆಯ ರೇಟೂ ಸಿಗಲಿ. ಅವರ ಕೈಗೆ ಆ ಎಳೆ ಬಂದದ್ದು ಮನೆಯಿಂದ. ಯಾವುದನ್ನು ಮಾರಬಹುದು, ಯಾವುದನ್ನು ಮಾರಬಾರದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಆ ಹೋಂಸ್ಟೇಯವರನ್ನು ಕೇಳಿದ್ದೆ, ಬುಟ್ಟಿ ಎಲ್ಲಿ ಸಿಕ್ಕಿತು ಎಂದು. ಹಳೇ ಸಾಮಾನು ಮಾರುವವನ ಹತ್ತಿರ ಎಂದರು. ಅಂದರೆ ಯಾವುದೋ ಮನೆಯಲ್ಲಿ ಬರೆಯುವ ಕೈ ನಿಂತಿದೆ, ಅಟ್ಟ ಖಾಲಿ ಮಾಡುವಾಗ ಕೊಟ್ಟಿದ್ದಾರೆ. ಕೊಟ್ಟವರನ್ನು ನಾನು ಬೈಯಲಾರೆ. ಮಕ್ಕಳು ಬೆಂಗಳೂರಿನಲ್ಲಿ, ಗದ್ದೆಯಲ್ಲಿ ಅಡಿಕೆ. ಭತ್ತವೇ ಇಲ್ಲದ ಮೇಲೆ ಬಯಕೆ ಊಟ ಯಾರಿಗೆ? ಆ ಬುಟ್ಟಿಯನ್ನು ನನಗೆ ಕೊಡಿ ಎಂದು ಕೇಳಿದೆ. ಕೊಟ್ಟರು, ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ತಳದ ತೂತಿಗೆ ಬಿದಿರಿನ ಸೀಳು ಹೆಣೆಸಿದ್ದೇನೆ.

ಎರಡನೆಯದು ಮುಂದಿನ ಸಾಲಿನ ಹುಡುಗಿಯದು. ಕುತ್ತಿಗೆಯಲ್ಲಿ ನೇರಳೆ ಬಣ್ಣದ ಒಂದು ಕಲ್ಲು ಇತ್ತು, ಮಾತಾಡುವಾಗ ಅದನ್ನೇ ಹಿಡಿದುಕೊಂಡಿದ್ದಳು. “ನನಗೆ ಇದರಲ್ಲಿ ನಿಜವಾಗಲೂ ಸಮಾಧಾನ ಸಿಗ್ತದೆ ಮೇಡಂ. ಫೋಟೋಗಲ್ಲ. ನಾನು ಏನು ಮಾಡಬೇಕು?”

ಅವಳ ದನಿ ಸ್ವಲ್ಪ ನಡುಗುತ್ತಿತ್ತು. ಹಾಗಾದರೆ ಅದನ್ನು ಬಿಡಬೇಡ ಎಂದೆ. ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಹೊರಗಿನಿಂದ ನಾನು ಹೇಳಲಾರೆ, ಬೇರೆ ಯಾರೂ ಹೇಳಲಾರರು. ಅದರ ಬಗ್ಗೆ ಓದು. ಅದು ಯಾರದ್ದು, ಎಲ್ಲಿಯದ್ದು, ಅವರು ಅದಕ್ಕಾಗಿ ಏನು ಕೊಟ್ಟರು ಎಂದು ತಿಳಿದುಕೋ. ಬಿಳಿ ಸೇಜ್ ಮಾತ್ರ ತರಿಸಬೇಡ.

ಅವಳು ಇನ್ನೂ ನಿಂತೇ ಇದ್ದಳು. ಭೂಮಿ ಹುಣ್ಣಿಮೆಗೆ ನಿಮ್ಮನೆಗೆ ಬರಬಹುದಾ ಎಂದು ಕೇಳಿದಳು.

ಬಾ ಎಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ, ಬರುವವರು ಯಾರಾದರೂ ಬರಬಹುದು. ಹಿಂದಿನ ಸಂಜೆಯೇ ಬರಬೇಕು. ಹಗಲು ಹೊತ್ತಿನಲ್ಲಿ ಸೊಪ್ಪು ಕೊಯ್ದಿರುತ್ತೇವೆ, ಬೇಲಿಯದ್ದು, ತೋಟದ್ದು, ಗುಡ್ಡದ್ದು, ಕೈಗೆ ಸಿಕ್ಕ ಬಗೆಯೆಲ್ಲ. ಅದನ್ನು ಸೋಸಲಿಕ್ಕೆ ಕೈ ಬೇಕು. ಅಡುಗೆ ರಾತ್ರಿಯಿಡೀ. ಮಲಗುವ ಹಾಗಿಲ್ಲ. ರುಚಿ ನೋಡುವ ಹಾಗಿಲ್ಲ, ಉಪ್ಪು ಅಂದಾಜಿನ ಮೇಲೆ. ಬೆಳಗಿನ ಜಾವ ಇನ್ನೂ ಕತ್ತಲಿರುವಾಗ ನನ್ನ ತಮ್ಮ ಚಿಕ್ಕ ಬುಟ್ಟಿ ಹೊತ್ತು, ದೊಂದಿ ಹಿಡಿದು ಗದ್ದೆಗೆ ಇಳಿಯುತ್ತಾನೆ. ಚರಗ ಬೀರುತ್ತಾ “ಹಚ್ಚಂಬಲಿ, ಹಾಲಂಬಲಿ, ಗುಡ್ಡದ ಮೇಲಿನ ನೂರೊಂದು ಕುಡಿ, ಭೂತಾಯಿ ಉಂಡ್ಹೋಗಲಿ” ಎಂದು ಕೂಗುತ್ತಾನೆ. ಊರಿಂದೂರಿಗೆ ಮಾತು ಸ್ವಲ್ಪ ಬದಲಾಗುತ್ತದೆ, ನಮ್ಮ ಮನೆಯಲ್ಲಿ ಹೀಗೆ. ಮಂಜಿನಲ್ಲಿ ಆಚೆ ಗದ್ದೆಯಿಂದಲೂ ಅದೇ ಕೂಗು ಕೇಳುತ್ತದೆ. ಹತ್ತು ವರ್ಷದ ಹಿಂದೆ ಏಳೆಂಟು ಕಡೆಯಿಂದ ಕೇಳುತ್ತಿತ್ತು, ಹೋದ ಸಲ ಎರಡು.

ಆಮೇಲೆ ನಾವೆಲ್ಲ ದೊಡ್ಡ ಬುಟ್ಟಿ ತೆಗೆದುಕೊಂಡು ಹೋಗುತ್ತೇವೆ. ಭತ್ತದ ಬುಡಕ್ಕೆ ಪೂಜೆ, ಬಸುರಿಗೆ ಹಾಕುವ ಹಾಗೆ ಮನೆ ಹೆಂಗಸಿನ ಕರಿಮಣಿ ಸರವನ್ನು ತೆನೆಗೆ ಹಾಕುತ್ತೇವೆ. ಕಾಗೆಗೆ, ಇಲಿಗೆ ಎಡೆ ಇಟ್ಟ ಮೇಲೆ ನಮ್ಮ ಊಟ, ಗದ್ದೆ ಬದುವಿನ ಮೇಲೆ ಕೂತು. ಒಂದು ಕಡುಬನ್ನು ಅಲ್ಲೇ ಮಣ್ಣಲ್ಲಿ ಹೂಳುತ್ತೇವೆ. ಅದನ್ನು ಕೊಯ್ಲಿನ ದಿನ ತೆಗೆಯುವುದು. ಬಂದವರು ಆ ದಿನವೂ ಬರಬೇಕು.